ನ್ಯೂಕ್ಲಿಯರ್ ಓದಿದವರಿಗೆ ಹೊರದೇಶದ ದಾರಿ: ಮೊದಲು ಪಾಸ್‌ಪೋರ್ಟಿನ ಪ್ರಶ್ನೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಹುಡುಗ ಹುಡುಗಿಯರಿಂದ ನನಗೆ ಬರುವ ಪ್ರಶ್ನೆ ಹೆಚ್ಚೂ ಕಡಿಮೆ ಒಂದೇ. "ನ್ಯೂಕ್ಲಿಯರ್ ಎಂಜಿನಿಯರಿಂಗ್ ಮುಗಿಯಿತು. ಹೊರಗೆ ಪಿಎಚ್‌ಡಿ ಮಾಡಬೇಕು, ಇಲ್ಲಾ ಕೆಲಸ ಆದರೂ ಸರಿ. ಎಲ್ಲಿಂದ ಶುರು ಮಾಡಲಿ?" ಪ್ರತಿ ಸಲ ಅದೇ ಉತ್ತರವನ್ನು ವಾಟ್ಸಾಪಿನಲ್ಲಿ ಕುಟ್ಟಿ ಕುಟ್ಟಿ ಬೆರಳು ಸೋತಿದೆ. ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ. ಮೆಕ್ಯಾನಿಕಲ್ ಬಿಇ ಮಾಡಿ ಈ ಕಡೆ ಬರಬೇಕೆನ್ನುವವರಿಗೂ, ಎಂಎಸ್ಸಿ ಫಿಸಿಕ್ಸ್ ಮಾಡಿದವರಿಗೂ ಇದು ಆಗುತ್ತದೆ.

ಕಂಪ್ಯೂಟರ್ ಸೈನ್ಸ್ ಓದಿದ ನಿಮ್ಮ ಗೆಳೆಯ ಹೋದ ದಾರಿಯನ್ನು ಹಾಗೇ ಹಿಡಿಯಬೇಡಿ. ಅವನಿಗೆ ಅಂಕ, ಇಂಗ್ಲಿಷ್ ಪರೀಕ್ಷೆ, ದುಡ್ಡು, ವೀಸಾ ಇಷ್ಟಾದರೆ ಮುಗಿಯಿತು. ನಮಗೆ ಅದರ ಮೇಲೆ ಇನ್ನೊಂದು ಬಾಗಿಲಿದೆ. ಈ ತಂತ್ರಜ್ಞಾನವನ್ನು ಭಾರತದ ಪ್ರಜೆಗೆ ತೋರಿಸಬಹುದೇ ಎಂದು ಆ ದೇಶದ ಸರ್ಕಾರ ನೋಡುತ್ತದೆ. ಎಷ್ಟೋ ಜನ ಒಳ್ಳೆಯ ಅಂಕ ಇಟ್ಟುಕೊಂಡು, ತಮಗೆ ತೆರೆಯದ ಬಾಗಿಲನ್ನೇ ವರ್ಷಗಟ್ಟಲೆ ತಟ್ಟುತ್ತಾರೆ. ಹಾಗಾಗಿ "ಯಾವ ಯೂನಿವರ್ಸಿಟಿ ಒಳ್ಳೆಯದು" ಅನ್ನುವುದಕ್ಕೆ ಮುಂಚೆ "ನನ್ನ ಪಾಸ್‌ಪೋರ್ಟಿಗೆ ಇದು ತೆರೆಯುತ್ತದಾ, ತೆರೆಯಲು ಎಷ್ಟು ದಿನ ಬೇಕು" ಎಂದು ಕೇಳಿ.

1. ನಿಮ್ಮ ಕೆಲಸ ಯಾವುದು, ಒಂದು ಸಾಲಿನಲ್ಲಿ ಹೇಳಿ

"ನಾನು ನ್ಯೂಕ್ಲಿಯರ್ ಎಂಜಿನಿಯರ್" ಎಂದರೆ ಎದುರಿಗಿರುವವರಿಗೆ ಏನೂ ಗೊತ್ತಾಗುವುದಿಲ್ಲ. ಒಳಗೆ ಹಲವು ಕವಲುಗಳಿವೆ. ರಿಯಾಕ್ಟರ್ ಫಿಸಿಕ್ಸ್ ಎಂದರೆ ನ್ಯೂಟ್ರಾನ್‌ಗಳ ಲೆಕ್ಕ: ಎಷ್ಟು ಹುಟ್ಟುತ್ತವೆ, ಎಷ್ಟು ಕಳೆದುಹೋಗುತ್ತವೆ. ಥರ್ಮಲ್ ಹೈಡ್ರಾಲಿಕ್ಸ್ ಎಂದರೆ ಹುಟ್ಟಿದ ಶಾಖವನ್ನು ನೀರೋ ಅನಿಲವೋ ಹೇಗೆ ಹೊತ್ತೊಯ್ಯುತ್ತದೆ ಎನ್ನುವುದು. ಮೆಟೀರಿಯಲ್ಸ್ ಎಂದರೆ ವಿಕಿರಣದ ಹೊಡೆತಕ್ಕೆ ಲೋಹ ಹೇಗೆ ಹಾಳಾಗುತ್ತದೆ ಎನ್ನುವುದು. ಇದಲ್ಲದೆ ಸುರಕ್ಷತಾ ವಿಶ್ಲೇಷಣೆ, ತ್ಯಾಜ್ಯ ನಿರ್ವಹಣೆ, ವಿಕಿರಣ ರಕ್ಷಣೆ, ಫ್ಯೂಷನ್ (ಹಗುರ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವುದು) ಇವೆ.

ಇದರಲ್ಲಿ ಒಂದನ್ನು ಹಿಡಿಯಿರಿ. ಮೆಕ್ಯಾನಿಕಲ್‌ನಿಂದ ಬಂದವರಿಗೆ ಥರ್ಮಲ್ ಹೈಡ್ರಾಲಿಕ್ಸ್, ಫಿಸಿಕ್ಸ್‌ನಿಂದ ಬಂದವರಿಗೆ ನ್ಯೂಟ್ರಾನ್ ಲೆಕ್ಕ ಇಲ್ಲವೇ ವಿಕಿರಣ ರಕ್ಷಣೆ ಸಲೀಸು. ಫ್ಯೂಷನ್, ತ್ಯಾಜ್ಯ, ಸುರಕ್ಷತೆ ಇವುಗಳಲ್ಲಿ ತಡೆ ಸ್ವಲ್ಪ ಕಡಿಮೆ. ಇಂಧನ ಸಂವರ್ಧನೆ (ಯುರೇನಿಯಂನಲ್ಲಿ ಸೀಳುವ ಬಗೆಯ ಪಾಲನ್ನು ಹೆಚ್ಚಿಸುವುದು), ಬಳಸಿದ ಇಂಧನದ ಮರುಸಂಸ್ಕರಣೆ ಕಡೆಗೆ ಹೋದಷ್ಟೂ ಬಾಗಿಲುಗಳು ಮುಚ್ಚುತ್ತವೆ. ಬಾಂಬಿಗೆ ಬೇಕಾದ ವಸ್ತು ಸಿಗುವುದು ಅಲ್ಲಿಂದಲೇ, ಅಲ್ವಾ.

2. ದೇಶ ಆರಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಅಮೆರಿಕ: ಬಿಇ ಆದಮೇಲೆ ನೇರವಾಗಿ ಪಿಎಚ್‌ಡಿ ಸೇರಬಹುದು. ಸುಮಾರು 5 ವರ್ಷ. ಸೇರಿದವರಿಗೆ ಸಾಮಾನ್ಯವಾಗಿ ಫೀಸ್ ಮಾಫಿ, ಜೊತೆಗೆ ತಿಂಗಳ ಸ್ಟೈಪೆಂಡ್. ಮಿಷಿಗನ್, ಟೆಕ್ಸಾಸ್ ಎ ಅಂಡ್ ಎಂ, ನಾರ್ತ್ ಕೆರೊಲಿನಾ ಸ್ಟೇಟ್, ಪರ್ಡ್ಯೂ, ವಿಸ್ಕಾನ್ಸಿನ್ ಹೀಗೆ ದೊಡ್ಡ ವಿಭಾಗಗಳಿವೆ. ಓದಿಗೆ ಬಾಗಿಲು ತೆರೆದಿದೆ, ತೊಂದರೆ ಕೆಲಸಕ್ಕೆ. ಅಲ್ಲಿ "ಪಾರ್ಟ್ 810" ಎಂಬ ನಿಯಮವಿದೆ. ರಿಯಾಕ್ಟರ್ ತಂತ್ರಜ್ಞಾನವನ್ನು ಹೊರದೇಶಕ್ಕೆ ಕೊಡಲು ಅಲ್ಲಿನ ಇಂಧನ ಇಲಾಖೆಯ ಒಪ್ಪಿಗೆ ಬೇಕು. ನೀವು ಅಮೆರಿಕದಲ್ಲೇ ಕೂತಿದ್ದರೂ, ಭಾರತದ ಪ್ರಜೆಯಾದರೆ ನಿಮಗೆ ತೋರಿಸಿದ್ದು ಭಾರತಕ್ಕೆ ಕೊಟ್ಟ ಲೆಕ್ಕವೇ. ಬಹಿರಂಗವಾಗಿ ಪ್ರಕಟವಾಗುವ ಸಂಶೋಧನೆಗೆ ಇದು ತಟ್ಟುವುದಿಲ್ಲ, ಅದಕ್ಕೇ ಪಿಎಚ್‌ಡಿ ಆಗುತ್ತದೆ. ಕಂಪನಿ ಕೆಲಸಕ್ಕೆ ತಟ್ಟುತ್ತದೆ. ಅಲ್ಲಿನ ಪರಮಾಣು ನಿಯಂತ್ರಣ ಆಯೋಗದ ಹುದ್ದೆಗಳಿಗಂತೂ ಅಮೆರಿಕದ ಪೌರತ್ವವೇ ಬೇಕು. ಜಾಹೀರಾತಿನಲ್ಲಿ ಪೌರತ್ವದ ಮಾತಿದ್ದರೆ ಅರ್ಜಿ ಹಾಕಿ ಸುಮ್ನೆ ಸಮಯ ಕಳೆಯಬೇಡಿ.

ಕೆನಡಾ: ನಮ್ಮವರು ಇದನ್ನು ಯಾಕೋ ಕಡೆಗಣಿಸುತ್ತಾರೆ. ನಮ್ಮ ಪಕ್ಕದ ಕೈಗಾದಲ್ಲಿರುವ 4 ಘಟಕಗಳೂ 220 ಮೆಗಾವ್ಯಾಟ್‌ನ ಭಾರಜಲ ರಿಯಾಕ್ಟರ್‌ಗಳು. ಭಾರಜಲ ಎಂದರೆ ಮಾಮೂಲಿ ಹೈಡ್ರೋಜನ್ ಬದಲು ಡ್ಯುಟೀರಿಯಂ ಇರುವ ನೀರು. ಈ ವಂಶದ ಮೂಲ ಕೆನಡಾದ ಕ್ಯಾಂಡು ಎಂಬ ರಿಯಾಕ್ಟರ್. ರಾಜಸ್ಥಾನದ ಮೊದಲ ಘಟಕ ಕಟ್ಟಿದ್ದು ಕೆನಡಾದ ನೆರವಿನಿಂದ. 1974ರ ಪೋಖ್ರಾನ್ ಪರೀಕ್ಷೆ ಆದಮೇಲೆ ಅವರು ಕೈಬಿಟ್ಟರು, ನಾವು ನಮ್ಮ ದಾರಿಯಲ್ಲಿ ಮುಂದುವರಿದೆವು. ಹಾಗಾಗಿ ನೀವು ಭಾರತದಲ್ಲಿ ಕಲಿತ ಭಾರಜಲದ ವಿದ್ಯೆಗೆ ಬೆಲೆ ಕೊಡುವ ಪರದೇಶ ಅದು. ಕ್ಯಾಂಪಸ್ಸಿನಲ್ಲೇ ರಿಯಾಕ್ಟರ್ ಇರುವ ಹ್ಯಾಮಿಲ್ಟನ್‌ನ ಮೆಕ್‌ಮಾಸ್ಟರ್, ಓಶಾವಾದ ಒಂಟಾರಿಯೊ ಟೆಕ್, ಇವೆರಡನ್ನೂ ನೋಡಿ. ಡಾರ್ಲಿಂಗ್ಟನ್‌ನಲ್ಲಿ ಈಗ ಸಣ್ಣ ಮಾಡ್ಯುಲರ್ ರಿಯಾಕ್ಟರ್ ಕಟ್ಟುತ್ತಿದ್ದಾರೆ. ಬಿಡಿಭಾಗಗಳನ್ನು ಕಾರ್ಖಾನೆಯಲ್ಲಿ ತಯಾರಿಸಿ ಸ್ಥಳದಲ್ಲಿ ಜೋಡಿಸುವ ಚಿಕ್ಕ ರಿಯಾಕ್ಟರ್ ಇದು. ಸ್ಥಾವರದ ಒಳಗೆ ಕೆಲಸಕ್ಕೆ ಭದ್ರತಾ ತಪಾಸಣೆ ಇರುತ್ತದೆ ಎನ್ನುವುದು ನೆನಪಿರಲಿ.

ಬ್ರಿಟನ್: ಮ್ಯಾಂಚೆಸ್ಟರ್, ಇಂಪೀರಿಯಲ್, ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್, ಬ್ರಿಸ್ಟಲ್ ಇವೆಲ್ಲ ಒಳ್ಳೆಯವು. ಆದರೆ ಸರ್ಕಾರಿ ಹಣದ ಪಿಎಚ್‌ಡಿ ಸೀಟುಗಳಲ್ಲಿ ಹೊರದೇಶದವರಿಗೆ ಶೇ. 30ರ ಮಿತಿ ಇದೆ. ಮೇಲೆ, ಸೂಕ್ಷ್ಮ ವಿಷಯ ಓದಲು ಅಲ್ಲಿನ ಸರ್ಕಾರ ಕೊಡುವ ಆಟಸ್ ಎಂಬ ಪ್ರಮಾಣಪತ್ರ ಬೇಕು, ಅದನ್ನು ಮುಂದೆ ಹೇಳುತ್ತೇನೆ. ಕೆಲಸಕ್ಕೆ ಕೇಳುವ ಭದ್ರತಾ ಅನುಮತಿಗೆ ಸಾಮಾನ್ಯವಾಗಿ 5 ವರ್ಷ ಅಲ್ಲಿ ವಾಸವಿರಬೇಕು. ಹೊಸಬರಿಗೆ ಕಷ್ಟ.

ಯುರೋಪ್: ನನ್ನನ್ನು ಕೇಳಿದರೆ ಎಂ.ಟೆಕ್ ಇರುವವರು ಮೊದಲು ನೋಡಬೇಕಾದ್ದು ಇದು. ಇಲ್ಲಿ ಪಿಎಚ್‌ಡಿ ಎಂದರೆ ಬಹುಪಾಲು ಸಂಬಳದ ನೌಕರಿ. ಜಾಹೀರಾತು ಬರುತ್ತದೆ, ಅರ್ಜಿ ಹಾಕುತ್ತೀರಿ, ಕರಾರು ಮಾಡಿಕೊಳ್ಳುತ್ತಾರೆ. ಸಾಧಾರಣವಾಗಿ ಮಾಸ್ಟರ್ಸ್ ಇರಲೇಬೇಕು. ಫ್ರಾನ್ಸಿನ ಪರಮಾಣು ಸಂಸ್ಥೆ ಸಿಇಎ ತನ್ನ ಜಾಲತಾಣದಲ್ಲಿ ಪಿಎಚ್‌ಡಿ ವಿಷಯಗಳನ್ನು ಪಟ್ಟಿ ಮಾಡಿ ಹಾಕುತ್ತದೆ. 3 ವರ್ಷದ ಕರಾರು, ಹೆಚ್ಚಿನವು ಅಕ್ಟೋಬರಿನಲ್ಲಿ ಶುರು. ಸ್ವೀಡನ್ನಿನಲ್ಲಿ ಸ್ಟಾಕ್‌ಹೋಮಿನ ಕೆಟಿಎಚ್, ಚಾಲ್ಮರ್ಸ್, ಉಪ್ಸಲಾ, ಸ್ವಿಟ್ಜರ್ಲೆಂಡಿನಲ್ಲಿ ಪಾಲ್ ಶೆರರ್ ಸಂಸ್ಥೆ, ಬೆಲ್ಜಿಯಂನ ಮೋಲ್‌ನಲ್ಲಿ ಎಸ್‌ಸಿಕೆ ಸೆನ್, ಫಿನ್ಲೆಂಡಿನಲ್ಲಿ ಲಪ್ಪೀನ್‌ರಾಂಟಾ. ಬಳಸಿದ ಇಂಧನವನ್ನು ಬಂಡೆಯ ಆಳದಲ್ಲಿ ಹೂಳಲು ಓಂಕಾಲೊ ಎಂಬ ಸುರಂಗ ಕೊರೆದಿರುವುದೂ ಫಿನ್ಲೆಂಡಿನಲ್ಲೇ. ತ್ಯಾಜ್ಯ ನಿಮ್ಮ ವಿಷಯವಾದರೆ ಆ ಕಡೆ ನೋಡಿ.

"ಜರ್ಮನಿ ರಿಯಾಕ್ಟರ್ ಮುಚ್ಚಿತಲ್ಲ, ಅಲ್ಲಿ ಏನಿದೆ?" ಎಂದು ಕೇಳುವವರಿದ್ದಾರೆ. 2023ರ ಏಪ್ರಿಲ್ 15ಕ್ಕೆ ಕೊನೆಯ 3 ರಿಯಾಕ್ಟರ್ ನಿಂತವು, ನಿಜ. ಸಂಶೋಧನೆ ನಿಂತಿಲ್ಲ. ಕಾರ್ಲ್ಸ್‌ರೂಹೆ, ಡ್ರೆಸ್ಡೆನ್ ಹತ್ತಿರದ ರೋಸೆಂಡಾರ್ಫ್, ಯೂಲಿಶ್ ಇವುಗಳಲ್ಲಿ ಸುರಕ್ಷತೆ, ಸ್ಥಾವರ ಕಳಚುವಿಕೆ, ತ್ಯಾಜ್ಯ ಎಲ್ಲದರ ಮೇಲೂ ಕೆಲಸ ನಡೆಯುತ್ತಿದೆ. ಫ್ಯೂಷನ್‌ಗೆ ಗಾರ್ಶಿಂಗ್, ಗ್ರೈಫ್ಸ್‌ವಾಲ್ಡ್ ಇವೆ.

ಪೂರ್ವದ ಕಡೆ: ದಕ್ಷಿಣ ಕೊರಿಯಾದ ಉಲ್ಸಾನ್‌ನಲ್ಲಿರುವ ಕಿಂಗ್ಸ್ ನ್ಯೂಕ್ಲಿಯರ್ ಮಾಸ್ಟರ್ಸ್‌ಗೆಂದೇ ಇರುವ ಸಂಸ್ಥೆ. ವಿದೇಶಿಯರಿಗೆ ಸ್ಕಾಲರ್‌ಶಿಪ್ ಕೊಡುತ್ತದೆ. ಜಪಾನಿಗೆ ಅಲ್ಲಿನ ಸರ್ಕಾರದ ಮೆಕ್ಸ್ಟ್ ಸ್ಕಾಲರ್‌ಶಿಪ್ ಇದೆ. ಅಬುಧಾಬಿಯ ಖಲೀಫಾ ಯೂನಿವರ್ಸಿಟಿಯಲ್ಲೂ ನ್ಯೂಕ್ಲಿಯರ್ ವಿಭಾಗ ಇದೆ.

3. ಮಳೆಗಾಲದಲ್ಲಿ ಒಂದು ಕೋಡ್ ಕಲಿಯಿರಿ

ಇಲ್ಲೊಂದು ದೊಡ್ಡ ಗುಂಡಿ ಇದೆ. ನ್ಯೂಟ್ರಾನ್ ಲೆಕ್ಕಕ್ಕೆ ಜಗತ್ತಿಡೀ ಬಳಸುವ ಎಂಸಿಎನ್‌ಪಿ ಎಂಬ ಪ್ರೋಗ್ರಾಂ ಅಮೆರಿಕದ ಲಾಸ್ ಅಲಾಮೋಸ್ ಲ್ಯಾಬಿನದು. ಅದಕ್ಕೆ ರಫ್ತು ನಿಯಂತ್ರಣವಿದೆ, ಲೈಸೆನ್ಸನ್ನು ಒಬ್ಬೊಬ್ಬರ ಹೆಸರಿಗೇ ಕೊಡುತ್ತಾರೆ. ನಮ್ಮ ಕಡೆ ಸೀನಿಯರ್ ಕೊಟ್ಟ ಪೆನ್‌ಡ್ರೈವಿನಲ್ಲಿ ಅದು ಸಿಕ್ಕಿಬಿಡುತ್ತದೆ. ಬಳಸಬೇಡಿ. ಬಳಸಿ ಸಿವಿಯಲ್ಲಿ ಬರೆದರಂತೂ ಕತ್ತಿಗೆ ಕುತ್ತಿಗೆ ಕೊಟ್ಟ ಹಾಗೆ. "ಲೈಸೆನ್ಸ್ ಎಲ್ಲಿಂದ ಪಡೆದಿರಿ?" ಎಂದು ಸಂದರ್ಶನದಲ್ಲಿ ಕೇಳಿದರೆ ಏನು ಹೇಳುತ್ತೀರಿ?

ಬದಲಿಗೆ ಓಪನ್‌ಎಂಸಿ ಕಲಿಯಿರಿ. ಪುಕ್ಕಟೆ, ಬಹಿರಂಗ, ಪೈಥಾನ್‌ನಲ್ಲಿ ನಡೆಸಬಹುದು. ಥರ್ಮಲ್ ಹೈಡ್ರಾಲಿಕ್ಸ್‌ನವರಿಗೆ ಓಪನ್‌ಫೋಮ್, ವಿಕಿರಣದವರಿಗೆ ಜಿಯಾಂಟ್4. ಓಪನ್‌ಎಂಸಿ ಜೊತೆ ಬೇಕಾಗುವ ನ್ಯೂಕ್ಲಿಯರ್ ಡೇಟಾದ ಕಡತ ಹಲವು ಜಿಬಿ ಇದೆ. ಆಗುಂಬೆ ಕಡೆ ಮನೆಯಿದ್ದರೆ ಮಳೆ ಹಿಡಿಯುವ ಮುಂಚೆಯೇ ಪೇಟೆಗೆ ಹೋಗಿ ಇಳಿಸಿಕೊಳ್ಳಿ. ಆಷಾಢದಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ.

ಏನು ಮಾಡಬೇಕು ಅಂತೀರಾ? ಕೈಗಾದಂಥ 220 ಮೆಗಾವ್ಯಾಟ್ ರಿಯಾಕ್ಟರಿನ ಇಂಧನದ ಕಟ್ಟಿನಲ್ಲಿ 19 ಕಡ್ಡಿಗಳಿರುತ್ತವೆ. ಅಂಥ ಒಂದು ಕಟ್ಟು, ಸುತ್ತ ಭಾರಜಲ, ಇಷ್ಟರ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿ. ಭಾರಜಲದ ಶುದ್ಧತೆಯನ್ನು ಚೂರು ಚೂರೇ ಇಳಿಸುತ್ತಾ ಹೋಗಿ, ಸರಪಳಿ ಕ್ರಿಯೆ ಎಷ್ಟು ಬೇಗ ಸೊರಗುತ್ತದೆ ಎಂದು ಗ್ರಾಫ್ ಎಳೆಯಿರಿ. ಅಳತೆಗಳನ್ನು ಪ್ರಕಟವಾದ ಲೇಖನಗಳಿಂದ ಮಾತ್ರ ತೆಗೆದುಕೊಳ್ಳಿ. ಇಂಟರ್ನ್‌ಶಿಪ್ಪಿನಲ್ಲಿ ಸಿಕ್ಕ ಒಳಗಿನ ಕಾಗದ ಬೇಡವೇ ಬೇಡ. ಅದು 1923ರ ಅಧಿಕೃತ ರಹಸ್ಯ ಕಾಯ್ದೆಯ ತನಕ ಹೋಗುತ್ತದೆ. ಮುಗಿದದ್ದನ್ನು 5 ಪುಟದ ವರದಿ ಮಾಡಿ ಗಿಟ್‌ಹಬ್ಬಿನಲ್ಲಿ ಇಡಿ. ಒಂದು ಸರ್ಟಿಫಿಕೇಟ್ ಕೋರ್ಸಿಗಿಂತ ಇದರ ತೂಕ ಜಾಸ್ತಿ.

4. ಪ್ರೊಫೆಸರಿಗೆ ಪತ್ರ

ನನ್ನ ಮೊದಲ ಸುತ್ತಿನಲ್ಲಿ ಒಂದೇ ಪತ್ರವನ್ನು 40 ಜನಕ್ಕೆ ಕಳಿಸಿದ್ದೆ. ಒಂದೂ ಉತ್ತರ ಬರಲಿಲ್ಲ. ಬರಬೇಕಾದ್ದೂ ಇರಲಿಲ್ಲ, ಅಷ್ಟು ಕೆಟ್ಟದಾಗಿತ್ತು.

ಪತ್ರ ಹೀಗಿರಲಿ. ಅವರ ಇತ್ತೀಚಿನ ಒಂದು ಲೇಖನ ಓದಿ, ಅದರಲ್ಲಿ ನಿಮಗೆ ಹುಟ್ಟಿದ ನಿಜವಾದ ಪ್ರಶ್ನೆ ಒಂದು ಸಾಲು. ನೀವು ಮಾಡಿದ ಕೆಲಸ ಎರಡು ಮೂರು ಸಾಲು, ಗಿಟ್‌ಹಬ್ ಕೊಂಡಿ ಸಹಿತ. ಯಾವಾಗ ಸೇರಲು ಸಾಧ್ಯ, ಅವರಲ್ಲಿ ಜಾಗ ಇದೆಯಾ ಎಂಬ ನೇರ ಪ್ರಶ್ನೆ. ಸಿವಿ ಎರಡು ಪುಟ, ಪಿಡಿಎಫ್. ಒಟ್ಟು ಮೊಬೈಲಿನ ಒಂದೂವರೆ ಪರದೆ ದಾಟಬಾರದು. "ರೆಸ್ಪೆಕ್ಟೆಡ್ ಸರ್" ಎಂದು ಶುರು ಮಾಡಬೇಡಿ, ಎದುರಿಗಿರುವವರು ಹೆಂಗಸೂ ಆಗಿರಬಹುದು. "ಪ್ರೊಫೆಸರ್" ಎಂದು ಅವರ ಕೊನೆಯ ಹೆಸರು ಸೇರಿಸಿದರೆ ಸಾಕು. ಎರಡು ವಾರ ಕಾದು ಒಂದೇ ಒಂದು ನೆನಪೋಲೆ. ಅದಕ್ಕೂ ಉತ್ತರ ಇಲ್ಲದಿದ್ದರೆ ಬಿಟ್ಟುಬಿಡಿ.

ಶಿಫಾರಸು ಪತ್ರದ ವಿಷಯ. ನಮ್ಮ ಮೇಷ್ಟ್ರುಗಳಲ್ಲಿ ಅನೇಕರು "ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ಮೂರೂ ಪತ್ರ ಒಂದೇ ಕೈಬರಹದ ಹಾಗೆ ಕಂಡರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ನೀವು ಅವರ ಬಳಿ ಮಾಡಿದ ಕೆಲಸದ ಪಟ್ಟಿಯನ್ನು ಒಂದು ಹಾಳೆಯಲ್ಲಿ ಕೊಟ್ಟು, "ಸರ್, ನಿಮ್ಮ ಮಾತಿನಲ್ಲೇ ಬರೆದುಕೊಡಿ" ಎಂದು ಕೇಳಿ. ಪತ್ರ ಅವರ ಕಾಲೇಜಿನ ಇಮೇಲ್‌ನಿಂದಲೇ ಹೋಗಲಿ, ಜಿಮೇಲ್ ಬೇಡ.

5. ಕಾಗದ ಪತ್ರ, ಮುಖ್ಯವಾಗಿ ಹೆಸರು

ಮಲೆನಾಡಿನವರ ಹೆಸರಿನ ಮುಂದೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಹೆಸರು, ಡಿಗ್ರಿಯಲ್ಲಿ ಮೂರನೆಯ ಥರ. ಮಾಮೂಲಿ ವೀಸಾಕ್ಕೆ ಹೇಗೋ ನಡೆದೀತು. ಭದ್ರತಾ ಪರಿಶೀಲನೆಯಲ್ಲಿ ಇದೇ ತಲೆನೋವು. ನನ್ನ ಕಡತ ಇದೊಂದೇ ಕಾರಣಕ್ಕೆ ವಾರಗಟ್ಟಲೆ ಕೂತಿತ್ತು. ಪಾಸ್‌ಪೋರ್ಟ್ ಮಾಡಿಸುವ ಮೊದಲೇ ಇನಿಷಿಯಲ್ ಬಿಡಿಸಿ, ಒಂದೇ ರೂಪ ನಿಗದಿ ಮಾಡಿ. ಸರ್‌ನೇಮ್ ಜಾಗವನ್ನು ಖಾಲಿ ಬಿಡಬೇಡಿ. ಹಳೆಯ ದಾಖಲೆ ಬದಲಿಸಲಾಗದಿದ್ದರೆ, ಎರಡೂ ಹೆಸರು ಒಬ್ಬರದೇ ಎನ್ನುವ ಅಫಿಡವಿಟ್ ಒಂದನ್ನು ನೋಟರಿಯಿಂದ ಮಾಡಿಸಿಟ್ಟುಕೊಳ್ಳಿ.

ಟ್ರಾನ್ಸ್‌ಕ್ರಿಪ್ಟ್ ಎಂದರೆ ಎಲ್ಲ ಸೆಮಿಸ್ಟರಿನ ಅಂಕಗಳನ್ನು ವಿಶ್ವವಿದ್ಯಾಲಯವೇ ಒಟ್ಟಿಗೆ ದೃಢೀಕರಿಸಿ ಕೊಡುವ ಪತ್ರ. ವಿಟಿಯು ಆದರೆ ಬೆಳಗಾವಿ, ಕುವೆಂಪು ವಿವಿ ಆದರೆ ಶಂಕರಘಟ್ಟ. ಆರು ತಿಂಗಳು ಮುಂಚೆ ಅರ್ಜಿ ಹಾಕಿ. ಅಂಕವನ್ನು ನೀವೇ 4ರ ಮಾಪನಕ್ಕೆ ಇಳಿಸಲು ಹೋಗಬೇಡಿ, 10ಕ್ಕೆ ಇದ್ದದ್ದು 10ಕ್ಕೇ ಇರಲಿ. ಐಇಎಲ್‌ಟಿಎಸ್, ಟೋಫೆಲ್ ಅಂಕ 2 ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ಜಿಆರ್‌ಇ ಅನ್ನು ಎಷ್ಟೋ ವಿಭಾಗಗಳು ಕೈಬಿಟ್ಟಿವೆ, ನೋಡಿಕೊಂಡು ಬರೆಯಿರಿ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಪಾಸ್‌ಪೋರ್ಟ್ ಸೇವಾ ಮೂಲಕ ಸಿಗುತ್ತದೆ.

ಗಡುವಿನ ಬಗ್ಗೆ ಒಂದು ಎಚ್ಚರಿಕೆ. ಅಮೆರಿಕದ ಅರ್ಜಿಗಳು ಹೆಚ್ಚಾಗಿ ಡಿಸೆಂಬರ್ 1ರಿಂದ 15ರೊಳಗೆ ಮುಗಿಯುತ್ತವೆ. ಅದೇ ಹೊತ್ತಿಗೆ ನಮ್ಮಲ್ಲಿ ಅಡಿಕೆ ಕೊನೆಕೊಯ್ಲು. ಮನೆಯಲ್ಲಿ ನಾಲ್ಕು ದಿನ ಸುಲಿಯಲು ಕೂತರೆ ಅರ್ಜಿ ಹೋಯಿತು ಅಂತಲೇ. ದೀಪಾವಳಿ ಒಳಗೆ ಎಲ್ಲ ತಯಾರು ಮಾಡಿಕೊಳ್ಳಿ. ಹಣಕಾಸಿನ ನೆರವು ಒಪ್ಪುತ್ತೀರೋ ಇಲ್ಲವೋ ಎಂದು ತಿಳಿಸಲು ಸಾಮಾನ್ಯವಾಗಿ ಏಪ್ರಿಲ್ 15ರವರೆಗೆ ಸಮಯವಿರುತ್ತದೆ. ಮೊದಲು ಬಂದ ಪತ್ರಕ್ಕೇ ಗಾಬರಿಯಿಂದ ಹೂಂ ಅನ್ನಬೇಡಿ.

6. ಅನುಮತಿಗೆ ದಿನ ಇಟ್ಟುಕೊಳ್ಳಿ

ಬ್ರಿಟನ್ನಿನ ಆಟಸ್: ಆಫರ್ ಬಂದಮೇಲೆ, ವೀಸಾಕ್ಕಿಂತ ಮೊದಲು, ಆನ್‌ಲೈನ್‌ನಲ್ಲಿ ಅರ್ಜಿ. ಶುಲ್ಕ ಇಲ್ಲ. ಯಾರಾದರೂ ಇದಕ್ಕೆ ದುಡ್ಡು ಕೇಳಿದರೆ ಕೊಡಬೇಡಿ. ಒಂದೂವರೆ ಎರಡು ತಿಂಗಳು ಇಟ್ಟುಕೊಳ್ಳಿ.

ಫ್ರಾನ್ಸ್: ಕೆಲವು ಲ್ಯಾಬ್‌ಗಳು ನಿರ್ಬಂಧಿತ ವಲಯದಲ್ಲಿರುತ್ತವೆ. ನಿಮ್ಮನ್ನು ಆರಿಸಿದ ಮೇಲೂ ಒಳಗೆ ಬಿಡಲು ಪ್ರತ್ಯೇಕ ಒಪ್ಪಿಗೆ ಬೇಕು. ಅದು ಬರುವ ತನಕ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.

ಅಮೆರಿಕದ ವೀಸಾ ಸಂದರ್ಶನದಲ್ಲಿ 221ಜಿ ಎಂಬ ಚೀಟಿ ಕೈಗೆ ಬರಬಹುದು. ಅದು ತಿರಸ್ಕಾರ ಎಂದು ಎದೆ ಒಡೆದುಕೊಳ್ಳಬೇಡಿ, ನಮ್ಮ ವಿಷಯದವರಿಗೆ ಹೆಚ್ಚುವರಿ ಪರಿಶೀಲನೆ ಮಾಮೂಲು. ಸಿವಿ, ಸಂಶೋಧನೆಯ ಒಂದು ಪುಟದ ಸರಳ ವಿವರಣೆ, ಮಾರ್ಗದರ್ಶಕರ ಮಾಹಿತಿ ಇವನ್ನು ಮೊದಲೇ ಒಯ್ಯಿರಿ. "ನ್ಯೂಕ್ಲಿಯರ್ ಅಂದರೆ ತೊಂದರೆ, ಮೆಕ್ಯಾನಿಕಲ್ ಅಂತ ಹೇಳು" ಎಂದು ಸಲಹೆ ಕೊಡುವವರು ಇರುತ್ತಾರೆ. ಕೇಳಬೇಡಿ. ಸುಳ್ಳು ಸಿಕ್ಕಿಬಿದ್ದರೆ ಮುಂದಿನ ಎಲ್ಲ ಅರ್ಜಿಗೂ ಕಲ್ಲು. ಒಂದು ಒಳ್ಳೆಯ ಸುದ್ದಿ: 2025ರ ಜನವರಿಯಲ್ಲಿ ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಬಾರ್ಕ್, ಕಲ್ಪಾಕ್ಕಂನ ಪರಮಾಣು ಸಂಶೋಧನಾ ಕೇಂದ್ರ ಐಜಿಕಾರ್, ವಿರಳ ಖನಿಜಗಳ ಸರ್ಕಾರಿ ಕಂಪನಿ ಐಆರ್‌ಇಎಲ್ ಈ ಮೂರನ್ನು ಅಮೆರಿಕ ತನ್ನ ರಫ್ತು ನಿರ್ಬಂಧ ಪಟ್ಟಿಯಿಂದ ತೆಗೆದಿದೆ.

ಬಾರ್ಕ್ ತರಬೇತಿ ಶಾಲೆಗೆ ಸೇರುವ ಯೋಚನೆಯೂ ಇದ್ದರೆ ಬಾಂಡ್ ಓದಿ ಸಹಿ ಹಾಕಿ. ಅಣುಶಕ್ತಿ ಇಲಾಖೆಯ ನೌಕರಿಯಲ್ಲಿದ್ದವರಿಗೆ ಹೊರಗೆ ಅರ್ಜಿ ಹಾಕಲೂ ಇಲಾಖೆಯ ಒಪ್ಪಿಗೆ ಬೇಕು.

7. ನೇರವಾಗಿ ಕೆಲಸ ಬೇಕೆನ್ನುವವರಿಗೆ

ಸತ್ಯ ಹೇಳಬೇಕೆಂದರೆ, ಅನುಭವವಿಲ್ಲದ ಹೊಸ ಪದವೀಧರರಿಗೆ ನೇರ ಕೆಲಸ ಸಿಗುವುದು ಅಪರೂಪ. ಆದರೂ ಭಾರತದ ಪ್ರಜೆ ಎನ್ನುವುದೇ ಅರ್ಹತೆಯಾಗುವ ಒಂದು ಜಾಗ ಇದೆ: ದಕ್ಷಿಣ ಫ್ರಾನ್ಸಿನ ಈಟರ್. ಜಗತ್ತಿನ ದೊಡ್ಡ ಫ್ಯೂಷನ್ ಯೋಜನೆ. ಅದರ 7 ಸದಸ್ಯರಲ್ಲಿ ಭಾರತವೂ ಒಂದು, ಹಾಗಾಗಿ ನೀವು ಸದಸ್ಯ ದೇಶದ ಪ್ರಜೆಯಾಗಿಯೇ ಅರ್ಜಿ ಹಾಕುತ್ತೀರಿ. ಅದರ ದೈತ್ಯ ಕ್ರಯೋಸ್ಟಾಟ್, ಅಂದರೆ ಇಡೀ ಯಂತ್ರವನ್ನು ಸುತ್ತುವರಿದ ಉಕ್ಕಿನ ಪಾತ್ರೆ, ತಯಾರಾಗಿದ್ದು ಗುಜರಾತಿನ ಹಜೀರಾದಲ್ಲಿ. ಗಾಂಧಿನಗರದ ಈಟರ್ ಇಂಡಿಯಾ ಮೂಲಕ ಅನುಭವ ಗಳಿಸಿ ಅಲ್ಲಿಗೆ ಹೋಗುವುದು ಒಂದು ಹಾದಿ. ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್‌ಗಳಿವೆ. ಅಬುಧಾಬಿಯ ಬರಾಕಾದಲ್ಲಿ 4 ಘಟಕ ಓಡುತ್ತಿವೆ, ಅಲ್ಲಿ ಅನುಭವ ಇರುವವರಿಗೆ ಮಣೆ.

ಹಾಗಾಗಿ ಇಲ್ಲೇ ಮೂರು ನಾಲ್ಕು ವರ್ಷ ಕೆಲಸ ಮಾಡುವುದನ್ನು ಸೋಲು ಎಂದುಕೊಳ್ಳಬೇಡಿ.

"ಗಲ್ಫ್ ಸ್ಥಾವರದಲ್ಲಿ ಕೆಲಸ, ವೀಸಾ ಫೀಸ್ ಮೊದಲು ಕಟ್ಟಿ" ಎಂಬ ಕರೆ ಬಂದರೆ ಫೋನ್ ಇಡಿ. ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಪಿಎಚ್‌ಡಿ ಸೀಟು ಕೊಡಿಸುತ್ತೇವೆ ಎನ್ನುವ ಕನ್ಸಲ್ಟೆನ್ಸಿಗಳೂ ಬೇಡ. ಅವರಿಗೆ ಕಮಿಷನ್ ಸಿಗುವುದು ಫೀಸ್ ಕಟ್ಟುವ ಮಾಸ್ಟರ್ಸ್ ಕೋರ್ಸಿನಿಂದ, ನಿಮ್ಮನ್ನು ಅಲ್ಲಿಗೇ ತಳ್ಳುತ್ತಾರೆ. ತೋಟ ಅಡವಿಟ್ಟು ಅಂಥ ಕೋರ್ಸಿಗೆ ಹೋಗುವ ಅಗತ್ಯ ನಮ್ಮ ವಿಷಯದಲ್ಲಿ ಇಲ್ಲ.

ಸ್ಕಾಲರ್‌ಶಿಪ್ ಹೆಸರಿನಲ್ಲೂ ಒಂದು ಗೊಂದಲವಿದೆ. ಮೇರಿ ಕ್ಯೂರಿ ಹೆಸರಿನವು ಎರಡಿವೆ. ವಿಯೆನ್ನಾ ಸಂಸ್ಥೆಯದು ನ್ಯೂಕ್ಲಿಯರ್ ಮಾಸ್ಟರ್ಸ್ ಓದುವ ಹೆಣ್ಣುಮಕ್ಕಳಿಗೆ. ಯುರೋಪಿಯನ್ ಒಕ್ಕೂಟದ್ದು ಪಿಎಚ್‌ಡಿ ನೌಕರಿ, ಎಲ್ಲರಿಗೂ. ಆದರೆ ಹಿಂದಿನ 36 ತಿಂಗಳಲ್ಲಿ ನೀವು ಸೇರುವ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಪರಿಶಿಷ್ಟ ಜಾತಿ, ಪಂಗಡದವರು ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಎಂಬ ವಿದೇಶ ವ್ಯಾಸಂಗದ ಯೋಜನೆಯನ್ನು ವಿಚಾರಿಸಿ.

8. ಸಂದರ್ಶನ

ವಿಷಯದ ಪ್ರಶ್ನೆಗಳಿಗೆ ನೀವೇ ಓದಿಕೊಳ್ಳುತ್ತೀರಿ. ಆದರೆ "ಜನ ಇದನ್ನು ಒಪ್ಪುತ್ತಾರಾ?" ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಪುಸ್ತಕದ ಉತ್ತರ ಹೇಳಬೇಡಿ, ನಿಮ್ಮ ಘಟ್ಟದಲ್ಲೇ ಉತ್ತರ ಇದೆ. ಕೈಗಾ ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತಿದ್ದರು. 1994ರಲ್ಲಿ ಕಟ್ಟುವಾಗಲೇ ಮೊದಲ ಘಟಕದ ಗುಮ್ಮಟದ ಒಳಭಾಗ ಕಳಚಿ ಬಿತ್ತು. ಅದೇ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಮೂರನ್ನೂ ಹೇಳಿ, ಒಂದನ್ನು ಬಚ್ಚಿಟ್ಟು ಇನ್ನೊಂದನ್ನು ಹೊಗಳಬೇಡಿ. ಗುಮ್ಮಟ ಯಾಕೆ ಕಳಚಿತು, ಆಮೇಲೆ ವಿನ್ಯಾಸ ಹೇಗೆ ಬದಲಾಯಿತು ಎಂದು ಓದಿಕೊಂಡು ಹೋಗಿ, ಮುಂದಿನ ಪ್ರಶ್ನೆ ಅದೇ ಇರುತ್ತದೆ.

ಕೊನೆಗೆ "ನಿಮಗೇನಾದರೂ ಕೇಳುವುದಿದೆಯಾ?" ಅನ್ನುತ್ತಾರೆ. ಸಂಕೋಚ ಬಿಟ್ಟು ಮೂರು ಕೇಳಿ. ಸಂಬಳ ಎಷ್ಟು ವರ್ಷಕ್ಕೆ ಖಾತ್ರಿ? ಭದ್ರತಾ ಅನುಮತಿಯ ಅರ್ಜಿ ಯಾರು ಹಾಕುತ್ತಾರೆ? ಈ ಮೊದಲು ಭಾರತದವರಿಗೆ ಅದು ಸಿಗಲು ಎಷ್ಟು ದಿನ ಹಿಡಿದಿತ್ತು?